ಚಕ್ರಕ್ಕೆ ಕೊಟ್ಟ ಕಲ್ಲು

ಬೆಟ್ಟದ ಬುಡದಲ್ಲಿ ಒಂದು ಊರು. ಊರಿನಲ್ಲಿ ಒಂದು ಇಳಿಜಾರು ಬೀದಿ. ಬೀದಿಯ ಕೆಳತುದಿಗೆ ಕಟ್ಟೆ ಕುಸಿದ ಬಾವಿ. ಆ ಬೀದಿಯಲ್ಲಿ ಓಬಳಮ್ಮ, ಓಬಳಮ್ಮನಿಗೆ ಒಬ್ಬನೇ ಮಗ, ಮಗನ ಹೆಸರು ಸಣ್ಣೀರ. ಹೆಸರು ಸಣ್ಣೀರ, ಆಳು ಕಂಬದಂಥವನು, ವಯಸ್ಸು ಮೂವತ್ತು. ಬುದ್ಧಿ ಮಾತ್ರ ಹೇಳಿದಷ್ಟೇ. "ಹಾಲು ಉಕ್ಕುತ್ತೆ, ನೋಡ್ಕೋ" ಅಂದರೆ, ಉಕ್ಕಿ ಒಲೆ ಆರುವ ತನಕ ನೋಡಿಕೊಂಡು ಕೂತಿರುತ್ತಿದ್ದ.

"ನಾನು ಹೆತ್ತಿದ್ದು ಮಗನೋ ಕೊರಡೋ!" ಎಂದು ಓಬಳಮ್ಮ ಹಣೆ ಬಡಿದುಕೊಳ್ಳುವಳು.

"ನೋಡ್ಕೋ ಅಂದೆ, ನೋಡ್ದೆ ಕಣವ್ವ," ಎನ್ನುವನು ಸಣ್ಣೀರ.

ಮನೆ ಮುಂದೆ ಒಂದು ಹಳೇ ಕಾರು. ಅದನ್ನು ಕಂಡರೆ ಓಬಳಮ್ಮನಿಗೆ ಎದೆ ನಡುಕ. ಮೂರು ವರ್ಷದ ಹಿಂದೆ ಇದೇ ಇಳಿಜಾರಿನಲ್ಲಿ ಅದು ಹಿಂದಕ್ಕೆ ಜಾರಿ ಅವಳ ಗಂಡನ ಸೊಂಟ ಮುರಿದಿತ್ತು. ಆತ ಮತ್ತೆ ಏಳಲಿಲ್ಲ. ಮಾರಿ ಕೈತೊಳೆದುಕೊಳ್ಳೋಣವೆಂದರೆ ಕಾರು ಓಡದು. ಗೇರು ಬೀಳದು, ಅಡಿಯಲ್ಲಿ ಚಕ್ರ ತಿರುಗಿಸುವ ಶಾಫ್ಟು ಟಕಟಕ ಬಡಿದುಕೊಳ್ಳುವುದು, ಹ್ಯಾಂಡ್ ಬ್ರೇಕು ಎಂದೋ ಕೆಟ್ಟಿತ್ತು.

ಒಂದು ದಿನ ಅವಳ ತಮ್ಮ ಜುಂಜಣ್ಣ ಬಂದ. ಹಿಂದೆ ಲಾರಿ ಓಡಿಸಿದವನು, ಎಲ್ಲ ಬಲ್ಲವನು.

"ಗ್ಯಾರೇಜ್ ಯಾಕಕ್ಕಾ? ಗೇರ್ ರಾಡಿಗೆ ಹೊಸ ಬುಷ್ಷು, ಶಾಫ್ಟಿನ ಕೀಲಿಗೆ ಹೊಸ ಕ್ರಾಸು. ಮುದ್ದೆ ಬೇಯೋದ್ರೊಳಗೆ ಮುಗಿಸ್ತೀನಿ!"

"ಬ್ಯಾಡ ಕಣೋ ಜುಂಜ! ಅದರಡಿ ಹೋಗಬ್ಯಾಡ! ತೌರು ಅಂತ ನನಗಿರೋನು ನೀನೊಬ್ನೇ!"

"ಏನೂ ಆಗಲ್ಲ ಸುಮ್ನಿರಕ್ಕ. ಅಳಿಯಾ! ಚಕ್ರಕ್ಕೆ ಕಲ್ಲು ಕೊಡೋ!"

ಸಣ್ಣೀರ ಒಂದು ಬೆಣಚುಕಲ್ಲು ಆರಿಸಿದ. ಸೊಂಟ ಬಗ್ಗಿಸಿದ. ಎರಡೂ ಕೈಯಲ್ಲಿ ಹಿಡಿದು ಚಕ್ರದ ಮುಂದೆ ನಿಂತ. ನಿಂತೇ ನಿಂತ.

"ಕೊಟ್ಯೇನೋ?"

"ಕೊಡ್ತಾ ಇದೀನಿ ಮಾವ. ಇಸ್ಕೊಳ್ತಾ ಇಲ್ಲ!"

"ಥೂ ಪೆದ್ದೇ! ಕೊಡು ಅಂದ್ರೆ ಚಕ್ರದ ಹಿಂದೆ ಒತ್ತಿ ಇಡೋದು ಕಣೋ! ತಿಳೀತಾ?"

"ತಿಳೀತು ಮಾವ. ಕೊಡು ಅಂದ್ರೆ ಚಕ್ರದ ಹಿಂದೆ ಒತ್ತಿ ಇಡೋದು."

ಈ ಸಲ ದಪ್ಪ ಕಲ್ಲೇ ತಂದು ಹಿಂದಿನ ಚಕ್ರಕ್ಕೆ ಒತ್ತಿ ಇಟ್ಟ. ಜುಂಜಣ್ಣ ಗೇರ್ ರಾಡು ಬಿಚ್ಚಿದ. ಗೇರು ಫಸ್ಟಿನಲ್ಲೇ ಕಚ್ಚಿಕೊಂಡಿತ್ತು. "ಇದೂ ಒಳ್ಳೇದೇ ಆಯ್ತು. ಗೇರಲ್ಲಿರೋ ಕಾರು ಜಾರಲ್ಲ," ಎಂದು ಅಡಿಗೆ ನುಸುಳಿದ. ಕಾಲು ಮಾತ್ರ ಬದಿಯಿಂದ ಆಚೆ. ಮುಂದಿನ ಚಕ್ರಕ್ಕೂ ಆ ಕಾಲಿಗೂ ನಾಲ್ಕೇ ಗೇಣು. ಓಬಳಮ್ಮ ಆ ನಾಲ್ಕು ಗೇಣನ್ನೇ ನೋಡುತ್ತ ಸೆರಗು ಕಚ್ಚಿ ಕೂತಳು.

"ಅಳಿಯಾ, ಸ್ಪ್ಯಾನರ್ ಕೊಡೋ!"

ಸಣ್ಣೀರ ಸ್ಪ್ಯಾನರ್ ಎತ್ತಿದ. ಕೊಡು ಅಂದ್ರೆ ಚಕ್ರದ ಹಿಂದೆ. ಅಲ್ಲಿ ಕಲ್ಲಿತ್ತು, ಜಾಗವಿರಲಿಲ್ಲ. ಕಲ್ಲು ತೆಗೆದ, ಸ್ಪ್ಯಾನರ್ ಒತ್ತಿದ. ಕಾರು ಕಿರ್ರ್ ಎಂದು ಬೆರಳಷ್ಟು ಸರಿದು ನಿಂತಿತು.

"ಅಯ್ಯಯ್ಯೋ ಜುಂಜಾ!" ಓಬಳಮ್ಮ ಚೀರಿದಳು.

"ಹೆದರಬ್ಯಾಡಕ್ಕ, ಗೇರಲ್ಲಿದೆ! ಲೋ ಕತ್ತೆ, ಕಲ್ಲು ಅಲ್ಲೇ ಇಡೋ! ಸ್ಪ್ಯಾನರ್ ಯಾರು ಕೇಳಿದ್ದು? ನಾನು! ಕೇಳಿದವನ ಕೈಗೆ ಕೊಡಬೇಕು! ತಿಳೀತಾ?"

"ತಿಳೀತು ಮಾವ. ಕೇಳಿದವನ ಕೈಗೆ ಕೊಡಬೇಕು."

ಕಲ್ಲು ಮತ್ತೆ ಚಕ್ರಕ್ಕೆ ಬಂತು. ಜುಂಜಣ್ಣ ಶಾಫ್ಟಿನ ನಟ್ಟುಗಳಿಗೆ ಕೈ ಹಾಕಿದ. ತುಕ್ಕು ಹಿಡಿದು ಅಲ್ಲಾಡವು.

"ನಟ್ಟಿಗೆ ಎಣ್ಣೆ ಬೇಕು. ಎಣ್ಣೆ ಕೊಡೋ!"

ಕೇಳಿದವನ ಕೈಗೆ! ಸಣ್ಣೀರ ಬಗ್ಗಿ ಡಬ್ಬ ಪೂರ್ತಿ ಮಾವನ ಕೈಗೆ ಸುರಿದ. ಕೈಯಿಂದ ಮುಖಕ್ಕೆ, ಮುಖದಿಂದ ಕಣ್ಣಿಗೆ.

"ಅಯ್ಯೋ ಪಾಪಿ! ಕಣ್ಣು ಹೋಯ್ತಲ್ಲೋ!"

"ಸಾಕು ಬಾರೋ ಜುಂಜ, ಆಚೆ ಬಾರೋ!" ಓಬಳಮ್ಮ ಅತ್ತಳು. "ಉಳಿದಿದ್ದು ನಾಳೆ ನೋಡುವಂತೆ!"

ಜುಂಜಣ್ಣನಿಗೆ ಹಟ. ಕಣ್ಣು ಮುಚ್ಚಿಕೊಂಡೇ ತಡಕಿ ನಾಲ್ಕೂ ನಟ್ಟು ಬಿಚ್ಚಿದ. ಶಾಫ್ಟು ಕಚ್ಚಿಕೊಂಡೇ ಇತ್ತು.

"ಒಂದೇಟು ಬಡಿದ್ರೆ ಬೀಳುತ್ತೆ. ಅಳಿಯಾ, ಒಂದು ಕಲ್ಲು ಕೊಡೋ!"

ಸಣ್ಣೀರ ಸುತ್ತ ನೋಡಿದ. ಕೇಳಿದವನು ಮಾವ. ಕಲ್ಲು ಇರುವುದು ಚಕ್ರದ ಹಿಂದೆ. ಎಳೆದ, ಒಯ್ದ, ಮಾವನ ಕೈಗೇ ಕೊಟ್ಟ.

"ಶಾಬಾಷ್! ಈಗ ಬುದ್ಧಿ ಬಂತು ನೋಡು!" ಎಂದು ಜುಂಜಣ್ಣ ಕಣ್ಣು ಬಿಡದೆಯೇ ಬಡಿದ.

ಗೇರು ಚಕ್ರವನ್ನು ಹಿಡಿಯುವುದು ಶಾಫ್ಟಿನ ಮೂಲಕ. ಶಾಫ್ಟು ಕಳಚಿದ ಮೇಲೆ ಗೇರಿದ್ದರೂ ಒಂದೇ, ಬಿಟ್ಟರೂ ಒಂದೇ. ಎಲ್ಲ ಬಲ್ಲ ಜುಂಜಣ್ಣ ಇಷ್ಟು ಬಲ್ಲವನಾಗಿರಲಿಲ್ಲ.

ಠಣ್! ಶಾಫ್ಟು ಬಿತ್ತು. ಕಾರು ಹೊರಟಿತು.

ಸದ್ದಿಲ್ಲ. ಒಂದು ಗೇಣು ಹಿಂದಕ್ಕೆ.

"ಕಲ್ಲು ಕೊಡೋ! ಸಣ್ಣೀರಾ, ಕಲ್ಲು ಕೊಡೋ!" ಓಬಳಮ್ಮನ ಗಂಟಲು ಹರಿಯಿತು.

"ಕಲ್ಲು ಮಾವನ ಕೈಲಿದೆಯವ್ವ. ಕೇಳಿದ್ರು, ಕೊಟ್ಟೆ!"

ಎರಡು ಗೇಣು. ಜುಂಜಣ್ಣನ ಎಣ್ಣೆಗೈ ಎಲ್ಲಿ ಹಿಡಿದರೂ ಜಾರುವುದು.

"ಹೆಗಲು ಕೊಡೋ! ಹೆಗಲಾದ್ರೂ ಕೊಡೋ!" ಓಬಳಮ್ಮ ಕೂಗಿದಳು.

ಕೇಳಿದವಳು ಅವ್ವ. ಅವ್ವನ ಕೈಗೆ ಕೊಡಬೇಕು. "ಹೆಗಲು ಬಿಚ್ಚೋಕೆ ಬರಲ್ವಲ್ಲವ್ವಾ!" ಸಣ್ಣೀರನಿಗೂ ಅಳು ಬಂತು.

ಮೂರು ಗೇಣು.

ಆಗ ಅವನಿಗೆ ಮೊದಲ ಪಾಠ ನೆನಪಾಯಿತು. ಕೊಡು ಅಂದ್ರೆ ಚಕ್ರದ ಹಿಂದೆ ಒತ್ತಿ ಇಡೋದು! ಓಡಿದ, ನೆಲಕ್ಕೆ ಬಿದ್ದ, ಹಿಂದಿನ ಚಕ್ರಕ್ಕೆ ಹೆಗಲು ಒತ್ತಿ ಇಟ್ಟ. ಮೂಳೆ ಲಟಕ್ಕೆಂದಿತು. ಕಾರು ನಿಂತಿತು. ಮುಂದಿನ ಚಕ್ರ ಜುಂಜಣ್ಣನ ಪಂಚೆಯ ಅಂಚಿನ ಮೇಲೆ.

ಓಬಳಮ್ಮ ತಮ್ಮನ ಕಾಲು ಹಿಡಿದು ಎಳೆದಳು. ಪಂಚೆ ಹರಿಯಿತು, ಕಾಲು ಉಳಿಯಿತು. ಕೈಲಿ ಕಲ್ಲು ಹಿಡಿದುಕೊಂಡೇ ಜುಂಜಣ್ಣ ಆಚೆ ಬಂದು ಕುಕ್ಕರಿಸಿ ಕೂತ.

ಚಕ್ರದಡಿ ಮಗನ ಮುಖ ಕಪ್ಪಿಡುತ್ತಿತ್ತು.

"ಮಗನೇ! ಸಾಕು ಬಿಡೋ! ಬಂದುಬಿಡೋ!"

"ಬಿಡ್ಲಾ?"

"ಬಿಡೋ ನನ್ನಪ್ಪಾ!"

ಬಿಟ್ಟ. ಬದಿಗೆ ಉರುಳಿದ. ಕಾರು ಗಡಗಡನೆ ಇಳಿದು, ಕುಸಿದ ಕಟ್ಟೆ ದಾಟಿ, ಬಾವಿಯೊಳಗೆ ದುಡುಮ್ ಎಂದಿತು.

ಓಬಳಮ್ಮ ಮಗನ ಹೆಗಲು ತಡವುತ್ತ ಅತ್ತಳು. ಜೀವ ಬಂದಮೇಲೆ ಜುಂಜಣ್ಣನಿಗೆ ಬಾಯಿಯೂ ಬಂತು.

"ಥೂ ಪೆದ್ದೇ! ಬಿಡೋ ಮುಂಚೆ ಚಕ್ರಕ್ಕೆ ಕಲ್ಲು ಕೊಡಬಾರದಿತ್ತೇನೋ!"

ಹೌದಲ್ಲ, ಅನ್ನಿಸಿತು ಸಣ್ಣೀರನಿಗೆ. ಮಾವನ ಕೈಯಿಂದ ಕಲ್ಲು ತೆಗೆದುಕೊಂಡ. ನೆಟ್ಟಗಿದ್ದ ಒಂದೇ ಕೈಯಲ್ಲಿ ಎದೆಗೊತ್ತಿಕೊಂಡು ಬೀದಿ ಇಳಿದ. ಬಾವಿಯ ಅಂಚಿಗೆ ನಿಂತ. ಸೊಂಟ ಬಗ್ಗಿಸಿದ. ಕಲ್ಲು ಬಿಟ್ಟ. ಗುಳುಂ!

ತಿರುಗಿ ನಿಂತು, ಮುಖವೆಲ್ಲ ನಗುತ್ತ ಕೂಗಿದ:

"ಕೊಟ್ಟೆ ಮಾವಾ! ಈ ಸಲ ಇಸ್ಕೊಂಡ್ತು!"