ಕಂಬಳಿ ನೇಕಾರನ ಜಗಲಿ

"ಅಜ್ಜಾ, ಹೊಸ ಊರಿಗೆ ಹೋದಾಗಿನಿಂದ ಸಂಜೆಯಾದರೆ ಸಾಕು, ಓಣಿಯವರು ಪೇಟೆಗೆ ಬಾ ಅಂತ ಕರೆಯುತ್ತಾರೆ. ಹೋದರೆ ಕೈಯಲ್ಲಿ ಕಾಸು ನಿಲ್ಲುವುದಿಲ್ಲ. ಹೋಗದಿದ್ದರೆ ಜನ ದೂರವಾಗುತ್ತಾರೆ. ನಾನೇನು ಮಾಡಲಿ?" ಎಂದು ಶಿಷ್ಯ ಈರಭದ್ರ ಕೇಳಿದ.

ಗುರುಗಳು ಹೇಳಿದರು: ಕೂತುಕೋ ಮಗನೇ. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ನಾನು ತಿರುಗದ ಊರಿಲ್ಲ.

ಒಬ್ಬ ಕಂಬಳಿ ನೇಕಾರನಿದ್ದ. ಅವನ ಕಂಬಳಿಯಲ್ಲಿ ನೀರು ತುಂಬಿಟ್ಟರೆ ಬೆಳಗಿನವರೆಗೂ ಒಂದು ಹನಿ ಸೋರುತ್ತಿರಲಿಲ್ಲ. ಒಮ್ಮೆ ಒಂದು ಹುಲಿ ಅದನ್ನು ಕಚ್ಚಿ ಎಳೆದಾಡಿ, ಕೊನೆಗೆ ತನ್ನ ಹಲ್ಲನ್ನೇ ಅದರಲ್ಲಿ ಬಿಟ್ಟು ಓಡಿತು. ಆ ಹಲ್ಲು ಬಹಳ ಕಾಲ ನನ್ನ ಹತ್ತಿರವೇ ಇತ್ತು.

ಒಳ್ಳೆಯ ಉಣ್ಣೆ ಸಿಗುತ್ತದೆಂದು ಅವನು ಹೆಂಡತಿಯೊಂದಿಗೆ ಹೊಸ ಊರಿಗೆ ಹೋದ. ಮೊದಲ ಸಂಜೆಯೇ ಪಕ್ಕದ ಮನೆಯ ಗಾಣಿಗ ಬಂದು ಬಾಗಿಲಾಚೆ ನಿಂತ. "ಹೊಸಬರು ಒಬ್ಬರೇ ಕೂರಬಾರದು, ನಡಿಯಪ್ಪ ಪೇಟೆಗೆ" ಎಂದ. ಓಣಿಯವರೆಲ್ಲ ಜೊತೆಯಾದರು. ಖಾನಾವಳಿಯಲ್ಲಿ ಉಂಡರು. ಹೊಸಬ ಜಿಪುಣ ಅಂದಾರೆಂದು ನೇಕಾರನೇ ಮೊದಲು ಚೀಲ ಬಿಚ್ಚಿದ. ಮರುದಿನವೂ ಹಾಗೆಯೇ ಆಯಿತು. ಆಮೇಲೆ ಅದೇ ರೂಢಿಯಾಯಿತು.

ಆ ಚೀಲದಲ್ಲಿದ್ದದ್ದು ಉಣ್ಣೆಯ ದುಡ್ಡು. ಕುರಿಗಳ ಉಣ್ಣೆ ಕತ್ತರಿಸುವ ಕಾಲ ಹತ್ತಿರ ಬಂತು. ಆಗ ಕೊಳ್ಳದಿದ್ದರೆ ಹೊರಗಿನ ವ್ಯಾಪಾರಿಗಳು ಎಲ್ಲವನ್ನೂ ಒಯ್ಯುತ್ತಿದ್ದರು. ಮಗ್ಗ ಬರಿದಾದರೆ ಗಂಡ ಹೆಂಡತಿ ಊರು ಬಿಡಬೇಕಾಗಿತ್ತು.

"ಮಗ್ಗಕ್ಕೆ ಏನು ಹಾಕ್ತೀರಿ, ಮಿರ್ಚಿ ಬಜ್ಜಿಯನ್ನಾ?" ಎಂದಳು ಹೆಂಡತಿ.

"ಮತ್ತೇನು ಮಾಡಲಿ? ಮನೆಗೆ ಕರೆಯೋಣವೆಂದರೆ ಇರುವುದು ಅಂಬಲಿ, ಹಾಸುವುದಕ್ಕೆ ಹರಕು ಚಾಪೆ."

ಅಂದು ಸಂಜೆ ಗಾಣಿಗ ಮತ್ತೆ ಬಂದ. ಚೀಲದಲ್ಲಿ ಉಣ್ಣೆಗೆ ಸಾಲುವಷ್ಟೇ ಉಳಿದಿತ್ತು. ನೇಕಾರ ತಲೆ ಎತ್ತದೆ ಹೇಳಿದ: "ಅಣ್ಣಾ, ಇವತ್ತು ನಾನು ಬರಲಾರೆ. ಮನೆಯಲ್ಲಿ ಅಂಬಲಿ ಇದೆ. ಮನಸ್ಸಿದ್ದರೆ ಬನ್ನಿ, ಜಗಲಿಯ ಮೇಲೆ ಕೂತು ಕುಡಿಯೋಣ." ಇನ್ನು ಈ ಊರಿನ ನಂಟು ಮುಗಿಯಿತು ಎಂದುಕೊಂಡ.

ಗಾಣಿಗ ಓಣಿಯತ್ತ ತಿರುಗಿ ಕೂಗಿದ: "ಏ, ಬರ್ರಪ್ಪ ಎಲ್ಲರೂ. ಕೊನೆಗೂ ಕರೆದ."

ಓಣಿಗೆ ಓಣಿಯೇ ಬಂತು. ಒಬ್ಬರ ಕೈಯಲ್ಲಿ ರೊಟ್ಟಿ, ಒಬ್ಬರ ಕೈಯಲ್ಲಿ ಚಟ್ನಿ, ಒಬ್ಬರು ಚಾಪೆಯನ್ನೇ ಸುತ್ತಿಕೊಂಡು ತಂದಿದ್ದರು.

ಗಾಣಿಗ ಕಾಲು ಚಾಚಿ ಕೂತು ಹೇಳಿದ: "ನಮ್ಮ ಓಣಿಯಲ್ಲಿ ಒಂದು ಕಟ್ಟಳೆ ಉಂಟು. ಹೊಸಬ ತಾನಾಗಿ ಕರೆಯುವವರೆಗೆ ಅವನ ಜಗಲಿ ಹತ್ತಬಾರದು. ಅಲ್ಲಿಯವರೆಗೆ ಅವನನ್ನು ಸಂಜೆ ಹೊತ್ತು ಒಂಟಿಯಾಗಿ ಬಿಡಲೂಬಾರದು. ಬೇರೆ ಹೊಸಬರೆಲ್ಲ ಬಂದ ಮರುದಿನವೇ ಕರೆದಿದ್ದರು. ನೀನು ಬಲು ಗಟ್ಟಿ ಆಸಾಮಿ. ನಿನ್ನಿಂದಾಗಿ ಖಾನಾವಳಿಯಲ್ಲಿ ತಿಂದೂ ತಿಂದೂ ನನ್ನ ಹೊಟ್ಟೆ ಕೆಟ್ಟಿತು. ಮನೆಯಲ್ಲಿ ಇವಳು ಮುಖ ಊದಿಸಿಕೊಂಡಿದ್ದಾಳೆ."

"ಮೊದಲೇ ಹೇಳಬಾರದಾಗಿತ್ತಾ ಅಣ್ಣಾ?"

"ಹೇಳಿ ಕರೆಸಿಕೊಂಡರೆ ಅದು ಕರೆದಂತೆ ಹೇಗಾಗುತ್ತದೋ ತಮ್ಮಾ?"

ಮರುದಿನ ನೇಕಾರ ಉಣ್ಣೆ ಕೊಂಡ. ಆ ಸಂಜೆಯ ಅಂಬಲಿ ನಾನೂ ಕುಡಿದಿದ್ದೇನೆ. ಇದ್ದದ್ದು ಒಂದು ಸಣ್ಣ ಗಡಿಗೆ, ಊರೆಲ್ಲ ಕುಡಿದರೂ ತಳ ಕಾಣಲಿಲ್ಲ.

ಈರಭದ್ರ ನಕ್ಕ. "ಆ ಓಣಿಯವರು ಒಳ್ಳೆಯವರು, ಅಜ್ಜಾ. ನಮ್ಮವರು ಪೇಟೆಗೆ ಕರೆಯುತ್ತಾರೆ, ಅಷ್ಟೇ. ಮನೆಗೆ ಬರುವ ಜನವಲ್ಲ" ಎಂದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು: "ಬರುವುದಿಲ್ಲ ಅಂದವರು ಯಾರು ಮಗನೇ, ಅವರೋ, ಕರೆಯದ ನೀನೋ?"