ಕೂಗಿದವರಿಗೆ ಇಲ್ಲವೆನ್ನದ ಮನೆ

“ತಾಯಿ, ನಾನು ನೋಯಿಸಿದವರು ನನ್ನನ್ನು ಕ್ಷಮಿಸುವ ಮೊದಲು ಅವರ ಊರಿಗೆ ಕಾಲಿಡುವುದು ಹೇಗೆ?”

ಹೀಗೆ ಕೇಳಿದ ಶಿಷ್ಯ ಹಿಂದೆ ಸಿಪಾಯಿಯಾಗಿದ್ದವನು. ಯುದ್ಧ ಮುಗಿದ ಮೇಲೆ ಐದು ವರ್ಷದಿಂದ ಗುರುತಾಯಿಯ ಹಿಂದೆ ಊರೂರು ಸುತ್ತುತ್ತಿದ್ದ. ಆಕೆ ಒಂದು ಊರಿನಲ್ಲಿ ಮೂರು ದಿನಕ್ಕಿಂತ ಹೆಚ್ಚು ನಿಂತವರಲ್ಲ.

ಗುರುತಾಯಿ ಅವನ ಕಾಲನ್ನೇ ನೋಡಿದರು.

“ನನ್ನ ಜೊತೆ ಎಷ್ಟು ಬೆಟ್ಟ ಹತ್ತಿ ಇಳಿದೆ. ಎಂದೂ ದಣಿಯಲಿಲ್ಲ. ಆ ಒಂದು ಊರಿನ ದಾರಿ ಬಂದಾಗ ಮಾತ್ರ ನಿನಗೆ ಕಾಲು ನೋವು. ಕೂತುಕೋ. ಆ ನೋವಿಗೆ ನನ್ನ ಬಳಿ ಇರುವುದು ಒಂದು ಕತೆ ಮಾತ್ರ.”

ಹೀಗೆಂದು ಹೇಳತೊಡಗಿದರು.

ಒಂದು ದೊಡ್ಡ ನದಿ. ಈ ದಡದಲ್ಲಿ ಒಂದು ಊರು, ಆ ದಡದಲ್ಲಿ ಒಂದು ಊರು. ನಡುವೆ ಜನರನ್ನು ದಾಟಿಸುವ ಅಂಬಿಗರದ್ದು ಒಂದೇ ಮನೆ. ಆ ಮನೆಗೆ ಒಂದು ಕಟ್ಟಳೆ ಇತ್ತು. ದಡದಲ್ಲಿ ನಿಂತು ‘ಅಂಬಿಗಾ’ ಎಂದು ಕೂಗಿದವರಿಗೆ ಇಲ್ಲವೆನ್ನಬಾರದು. ಯಾರು, ಯಾಕೆ, ಎಲ್ಲಿಗೆ ಎಂದು ಕೇಳಬಾರದು. ಗಂಡನ ಮನೆಯಿಂದ ಓಡಿಬಂದವಳನ್ನೂ ಅವರು ದಾಟಿಸುತ್ತಿದ್ದರು, ಅವಳನ್ನು ಹುಡುಕಿಕೊಂಡು ಬಂದ ಗಂಡನನ್ನೂ ದಾಟಿಸುತ್ತಿದ್ದರು. ಅವನನ್ನು ಮಾತ್ರ ಸ್ವಲ್ಪ ನಿಧಾನವಾಗಿ.

ಆ ನದಿಯಲ್ಲಿ ನಡೆದೇ ದಾಟಬಹುದಾದ ಒಂದು ಜಾಗವೂ ಇತ್ತು. ಪ್ರತಿ ಮಳೆಗಾಲ ಕಳೆದ ಮೇಲೆ ಮರಳು ಸರಿದು ಅದು ಬೇರೆ ಕಡೆಗೆ ಹೋಗುತ್ತಿತ್ತು. ನೀರಿನ ಮೇಲಿನ ಸುಕ್ಕು ನೋಡಿ, ಅಂಗಾಲಿನಿಂದ ತಡವಿ, ಅದನ್ನು ಕಂಡುಹಿಡಿಯಲು ಬರುತ್ತಿದ್ದುದು ಆ ಮನೆಯವರಿಗೆ ಮಾತ್ರ.

ಎರಡು ದಡದ ಅರಸರಿಗೂ ಯುದ್ಧ ಬಿತ್ತು. ದಂಡಿಗೆ ಜನ ಬೇಕೆಂದು ಈ ದಡದಲ್ಲಿ ಡಂಗುರ ಸಾರಿದರು. ಅಂಬಿಗನ ಮಗನಿಗೆ ಆಗ ಹದಿನೆಂಟು ವರ್ಷ. ಅವನು ದಂಡಿಗೆ ಸೇರಿದ.

“ಹೋಗಬೇಡವೋ. ನನ್ನ ತೋಳಿನಲ್ಲಿ ಇನ್ನೆಷ್ಟು ದಿನ ಬಲವಿದ್ದೀತು?” ಎಂದ ತಂದೆ.

“ಅದೇ ನೀರು, ಅದೇ ಎರಡು ದಡ. ನಿನ್ನ ಹಾಗೆ ಮುದುಕನಾಗುವವರೆಗೂ ಹೋಗಿ ಬರುವುದೇ ಆಯಿತು. ನಾನು ಲೋಕ ನೋಡಬೇಕಪ್ಪ,” ಎಂದ ಮಗ.

ವರ್ಷವಿಡೀ ಅವನು ನೋಡಿದ ಲೋಕವೆಂದರೆ ಕುದುರೆಗಳ ಹಿಂಭಾಗ. ಹುಲ್ಲು ಹೊತ್ತ, ಲದ್ದಿ ಬಾಚಿದ. ಉಳಿದ ಸಿಪಾಯಿಗಳು ಅವನನ್ನು ಮೀನು ಎಂದು ಕರೆದರು. “ಏ ಮೀನು, ನೀರಿಲ್ಲದೆ ಇನ್ನೂ ಜೀವ ಇದೆಯೇನೋ?” ಎಂದು ಮೂಗು ಹಿಡಿದು ನಕ್ಕರು. ಅತ್ತ ಅವನ ತಂದೆ ತೀರಿಕೊಂಡ. ಹರಿಗೋಲು ಈ ದಡದಲ್ಲಿ ಬೋರಲು ಬಿದ್ದಿತು. ಸುದ್ದಿ ಮಗನಿಗೆ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ದಂಡು ಅದೇ ನದಿಗೆ, ಅವನದೇ ಊರಿನ ಮೇಲುಭಾಗಕ್ಕೆ ಬಂದು ನಿಂತಿತು. ದಳವಾಯಿ ನೀರು ನೋಡಿದ. ಎಲ್ಲರಿಗೂ ಕೇಳುವಂತೆ ಕೂಗಿದ.

“ದಾಟಿಸುವವರು ಯಾರಾದರೂ ಇದ್ದೀರಾ? ಇಲ್ಲವಾದರೆ ಹಿಂದಕ್ಕೆ ಹೋಗೋಣ.”

ಯಾರೂ ಮುಂದೆ ಬರದಿದ್ದರೆ ದಂಡು ಹಿಂದಕ್ಕೆ ಹೋಗುತ್ತಿತ್ತು. ಆದರೆ ದಡದಲ್ಲಿ ನಿಂತು ಒಬ್ಬ ಕೂಗಿದ್ದ. ಏಳು ತಲೆಮಾರು ಇಲ್ಲವೆನ್ನದ ಮನೆಯ ಹುಡುಗ ಅಲ್ಲಿದ್ದ. ಬುದ್ಧಿ ಯೋಚಿಸುವ ಮೊದಲೇ ಬಾಯಿ ಹೇಳಿತು:

“ನಾನಿದ್ದೇನೆ.”

ಅವನು ಮುಂದೆ ನಡೆದ. ಅಂಗಾಲಿಗೆ ಮರಳು ಸಿಕ್ಕಿತು. ಹಿಂದೆ ಸಾವಿರ ಜನ, ಇನ್ನೂರು ಕುದುರೆ. ಎದೆಯವರೆಗೆ ನೀರು. ಅವನು ಎಡಕ್ಕೆ ತಿರುಗಿದರೆ ಸಾವಿರ ಜನ ಎಡಕ್ಕೆ ತಿರುಗಿದರು. ಅವನು ನಿಂತರೆ ಸಾವಿರ ಜನ ಉಸಿರು ಬಿಗಿಹಿಡಿದು ನಿಂತರು. ಒಬ್ಬನೂ ಮುಳುಗಲಿಲ್ಲ. ಮೀನು ಎಂದು ನಕ್ಕವರು ಅವನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡರು. ದಳವಾಯಿ ತನ್ನ ಕೈಯ ಕಡಗ ತೆಗೆದು ಅವನ ಕೈಗೆ ಹಾಕಿದ. “ಇಲ್ಲೇ ಕಾವಲು ನಿಲ್ಲು. ಅಲ್ಲಾಡಬೇಡ,” ಎಂದ.

ದಂಡು ಆ ದಡದ ಊರನ್ನು ಹಾದು ಅಲ್ಲಿನ ಅರಸನ ಕೋಟೆಯ ಕಡೆಗೆ ಹೋಗುತ್ತದೆಂದು ಅವನು ತಿಳಿದಿದ್ದ. ಊರಿನಿಂದಲೇ ಹೊಗೆ ಎದ್ದಿತು.

ಜನ ನದಿಗೆ ಓಡಿಬಂದರು. ಯಾವಾಗಲೂ ಹರಿಗೋಲು ಬಂದು ನಿಲ್ಲುತ್ತಿದ್ದ ಕಟ್ಟೆಗೆ ಬಂದರು. ಅಲ್ಲಿ ನಿಂತು ಖಾಲಿ ದಡದ ಕಡೆಗೆ ಕೈಯೆತ್ತಿ ಎಲ್ಲರೂ ಒಟ್ಟಿಗೆ ಕೂಗಿದರು.

“ಅಂಬಿಗಾ! ಓ ಅಂಬಿಗಾ!”

ಅಂಬಿಗ ಅವರದ್ದೇ ದಡದಲ್ಲಿ, ನೂರು ಮಾರು ದೂರದಲ್ಲಿ ನಿಂತಿದ್ದ. ನಡೆದು ದಾಟುವ ದಾರಿ ಅವನ ಪಾದದ ಬಳಿಯೇ ಆರಂಭವಾಗುತ್ತಿತ್ತು. ಕೈಬೀಸಿ ಕರೆದಿದ್ದರೆ ಸಾಕಿತ್ತು. ಅವನ ಒಂದು ಕೈಯಲ್ಲಿ ಈಟಿ ಇತ್ತು, ಇನ್ನೊಂದರಲ್ಲಿ ಕಡಗ ಇತ್ತು, ಎದೆಯಲ್ಲಿ ಹೆದರಿಕೆ ಇತ್ತು. ಅವನು ಅಲ್ಲಾಡಲಿಲ್ಲ. ಜನ ಆಳವಿದ್ದಲ್ಲೇ ನೀರಿಗೆ ಇಳಿದರು.

ಮಗು, ನದಿ ಅಷ್ಟು ಕೂಗನ್ನು ನುಂಗಿದ ಮೇಲೂ ಮೊದಲಿನಂತೆಯೇ ಹರಿಯಿತಂತೆ. ಅದನ್ನು ನೋಡಿ ಅವನಿಗೆ ಮೊದಲ ಬಾರಿಗೆ ನದಿಯ ಭಯ ಹುಟ್ಟಿತು.

ಯುದ್ಧ ಮುಗಿಯಿತು. ಯಾರು ಗೆದ್ದರೆಂದು ಅರಸರಿಗೆ ಗೊತ್ತು. ಅವನು ಈಟಿ ಬಿಟ್ಟು, ಕಡಗವನ್ನು ನಡುಹೊಳೆಗೆ ಎಸೆದು ಮನೆಗೆ ಬಂದ. ಬಿದಿರು ಹೆಣೆದು, ಚರ್ಮ ಬಿಗಿದು, ಹೊಸ ಹರಿಗೋಲು ಮಾಡಿದ. ದಡದಲ್ಲಿ ಕೂತ. ಆ ದಡದಲ್ಲಿ ಉಳಿದವರು ಅರ್ಧ ದಿನ ನಡೆದು ಬೇರೆ ಊರಿನ ದೋಣಿಯಲ್ಲಿ ದಾಟಿದರು. ಅವನನ್ನು ಕೂಗಲಿಲ್ಲ. ಅವನು ದಿನವೂ ಬೆಳಿಗ್ಗೆ ಖಾಲಿ ಹರಿಗೋಲು ಹಾಕಿಕೊಂಡು ಆ ಕಟ್ಟೆಯವರೆಗೆ ಹೋದ, ಖಾಲಿಯಾಗಿ ಬಂದ. ಮೂರು ವರ್ಷ ಹೀಗೆ ನಡೆಯಿತು.

ಆ ದಡದಲ್ಲಿ ಮಜ್ಜಿಗೆ ಮಾರುವ ಒಬ್ಬ ಹೆಂಗಸಿದ್ದಳು. ಅವಳ ಇಬ್ಬರು ಮಕ್ಕಳು ಅಂದು ನೀರಿಗೆ ಇಳಿದಿದ್ದರು. ಅರ್ಧ ದಿನ ನಡೆಯುವ ಬಲ ಅವಳ ಮೊಣಕಾಲಿಗೆ ಉಳಿದಿರಲಿಲ್ಲ. ಒಂದು ದಿನ ಕಟ್ಟೆಯ ಮೇಲೆ ಗಡಿಗೆ ಇಳಿಸಿ ಕೂಗಿದಳು.

“ಅಂಬಿಗಾ!”

ಸಾವಿರ ಜನರ ಮುಂದೆ ನಡುಗದೆ ನಡೆದಿದ್ದವನು ಆ ಒಂದು ಕೂಗಿಗೆ ನಡುಗಿದ. ಹೋದ. ಅವಳನ್ನು ಹತ್ತಿಸಿಕೊಂಡ. ನಡುನೀರಿಗೆ ಬಂದಾಗ ತಡೆಯಲಾಗಲಿಲ್ಲ.

“ಅವ್ವಾ, ದಂಡಿಗೆ ದಾರಿ ತೋರಿಸಿದವನು ನಾನು.”

“ಗೊತ್ತು.”

“ನಿನ್ನ ಮಕ್ಕಳು ಕೂಗಿದಾಗ ಸುಮ್ಮನೆ ನಿಂತಿದ್ದವನೂ ನಾನೇ.”

“ಅಂದು ನಿನ್ನ ಮುಖ ನೋಡಿದವಳು ನಾನು. ನನಗೇ ಹೇಳುತ್ತೀಯಾ?” ಎಂದಳು ಅವಳು. “ಹುಟ್ಟು ಯಾಕೆ ನಿಲ್ಲಿಸಿದೆ? ಹಾಕು. ಬಿಸಿಲೇರಿದರೆ ಮಜ್ಜಿಗೆ ಹುಳಿಯಾಗುತ್ತದೆ.”

ಅವನು ಹುಟ್ಟು ಹಾಕಿದ. ಮಾರನೆಯ ದಿನ ಅವಳು ಮತ್ತೆ ಬಂದಳು. ಆಮೇಲೆ ಅವಳನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಹದಿನಾರು ವರ್ಷ, ಅವಳು ಸಾಯುವವರೆಗೆ, ಅವನು ಅವಳನ್ನು ದಾಟಿಸಿದ.

ಗುರುತಾಯಿ ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು.

“ಹಾಗಾದರೆ ಆಕೆ ಕೊನೆಗೂ ಅವನನ್ನು ಕ್ಷಮಿಸಿದಳು ಅನ್ನಿ, ತಾಯಿ.”

“ಇಲ್ಲ ಮಗು, ದಿನವೂ ಕೂಗಿದಳು, ಒಂದು ದಿನವೂ ಕ್ಷಮಿಸಲಿಲ್ಲ.”