ಸೀಬೆ ತೋಟದ ಗಂಧ

"ಎಲ್ಲರಲ್ಲೂ ಶಿವನನ್ನೇ ಕಾಣ್ತೀನಿ ಬುದ್ಧಿ. ಒಬ್ಬರಿಗೆ ಹೆಚ್ಚು ಅಂತಿಲ್ಲ, ಇನ್ನೊಬ್ಬರಿಗೆ ಕಮ್ಮಿ ಅಂತಿಲ್ಲ. ಆದ್ರೂ ಈ ಎದೆ ತುಂಬ್ತಾ ಇಲ್ಲ. ಯಾಕೆ?"

ಕೇಳಿದವನು ಶಂಭುಲಿಂಗ, ಮಠದ ದಾಸೋಹದಲ್ಲಿ ಬಡಿಸುವ ಶಿಷ್ಯ. ಲೋಕಕ್ಕೆಲ್ಲ ಉಣಬಡಿಸುತ್ತೇನೆಂದು ಮನೆ ಬಿಟ್ಟು ಬಂದಿದ್ದ. ಹೊರಟ ದಿನ ಹೆಂಡತಿ ದಾಕ್ಷಾಯಿಣಿ ಅಳಲಿಲ್ಲ, ಅಡ್ಡ ಬರಲಿಲ್ಲ. 'ಹೋಗಿ ಬನ್ನಿ' ಎಂದಳು. ಅವನು ಹೋದದ್ದಷ್ಟೇ ಆಯಿತು. ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಅವಳು ಮಠಕ್ಕೆ ಬರುತ್ತಾಳೆ. ಪಂಕ್ತಿಯಲ್ಲಿ ಕೂತು ಉಣ್ಣುತ್ತಾಳೆ. ಸಂಜೆಯ ಬಸ್ಸು ಬರುವವರೆಗೆ ಹೆಬ್ಬಾಗಿಲ ಕಟ್ಟೆಯ ಮೇಲೆ ಕೂತಿದ್ದು, ಬಂದಾಗ ಎದ್ದು ಹೋಗುತ್ತಾಳೆ. ಶಂಭುಲಿಂಗ ಎಲ್ಲರಿಗೂ ಬಡಿಸಿದಂತೆಯೇ ಅವಳಿಗೂ ಬಡಿಸಿ, ಮುಖವೆತ್ತದೆ ಮುಂದಿನ ಎಲೆಗೆ ಸಾಗುತ್ತಾನೆ. ಅದನ್ನು ಅವನು ಸಾಧನೆ ಎಂದುಕೊಂಡಿದ್ದ. ಈ ಮಧ್ಯಾಹ್ನವೂ ಹಾಗೆಯೇ ಆಗಿತ್ತು. ಅವಳು 'ಸಾಕು' ಎಂದಿದ್ದಳು, ಅಷ್ಟೇ. ಆ ಒಂದು ಮಾತು ಕೊಪ್ಪರಿಗೆ ತೊಳೆಯುವಾಗಲೂ ಅವನ ಕಿವಿಯಲ್ಲೇ ಇತ್ತು.

ಕೇಳಿದ್ದಕ್ಕೆ ನೇರ ಉತ್ತರ ಕೊಡುವ ಅಭ್ಯಾಸ ಮಠದ ಗುರುಗಳಿಗೆ ಎಂದೂ ಇರಲಿಲ್ಲ. ಚಾಪೆ ತೋರಿಸಿ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ರೈತನಿಗೆ ಸೀಬೆಯ ತೋಟವಿತ್ತು. ಮರದ ತುಂಬ ಕಾಯಿ, ಕಾಯಿಯ ತುಂಬ ಹುಳು. ಪತಂಗವೊಂದು ಬಂದು ಕಾಯಿಯ ಮೇಲೆ ಮೊಟ್ಟೆ ಇಡುತ್ತಿತ್ತು. ಮರಿಹುಳು ಕೊರೆದು ಒಳಸೇರುತ್ತಿತ್ತು. ಆಮೇಲೆ ಔಷಧ ಹೊಡೆದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಫಸಲು ಕೈಬಿಟ್ಟರೆ ರೈತನಿಗೆ ಬದುಕಲು ಬೇರೆ ದಾರಿ ಇರಲಿಲ್ಲ. ಅವನು ಒಬ್ಬ ಸಂಶೋಧಕನನ್ನು ಕರೆತಂದ.

ಸಂಶೋಧಕ ಪತಂಗಗಳ ಜೊತೆಯಲ್ಲೇ ಆಯುಷ್ಯ ಕಳೆದವನು. ಮುಸ್ಸಂಜೆಯಾದರೆ ಹೆಣ್ಣು ಪತಂಗ ಒಂದು ಎಲೆಯ ಕೆಳಗೆ ಕೂತು ಮೈಯಿಂದ ಗಂಧ ಬಿಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದು ಎಲ್ಲಿಗೂ ಹೋಗುವುದಿಲ್ಲ. ಗಂಧದ ಜಾಡು ಹಿಡಿದು ಗಂಡೇ ಬರಬೇಕು. ಅವನು ಅದೇ ಗಂಧವನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಸಣ್ಣ ಕೊಳವೆಗಳಲ್ಲಿ ತುಂಬಿ, ಮರಮರಕ್ಕೂ ಕಟ್ಟಿದ.

"ಸಾಯ್ಸೋ ಔಷಧಿ ಕೊಡಿ ಅಂದ್ರೆ ಅತ್ತರು ಕಟ್ತಾ ಇದ್ದೀರಲ್ಲ ಸ್ವಾಮಿ" ಎಂದ ರೈತ.

"ನೋಡ್ತಾ ಇರಿ" ಎಂದ ಸಂಶೋಧಕ.

ಫಲ ಸಿಕ್ಕಿತೋ ಇಲ್ಲವೋ ತಿಳಿಯಲು, ತಾನೇ ಸಾಕಿದ ಒಂದು ಹೆಣ್ಣು ಪತಂಗವನ್ನು ನೂಲಿನಿಂದ ಕಟ್ಟಿ ಒಂದು ಎಲೆಯ ಕೆಳಗೆ ಬಿಟ್ಟ. ಇಬ್ಬರೂ ಸ್ವಲ್ಪ ದೂರದಲ್ಲಿ ಕೂತರು. ಹೊತ್ತು ಮುಳುಗುತ್ತಿದ್ದಂತೆ ಹೆಣ್ಣು ಕಾಯತೊಡಗಿತು. ಒಂದು ಗಂಡು ಬಂತು. ಈ ಕೊಂಬೆಗೆ ಹೋಯಿತು, ಆ ಕೊಂಬೆಗೆ ಹೋಯಿತು. ಒಂದು ಕೊಳವೆಯನ್ನು ಸುತ್ತಿ ಸುತ್ತಿ ಇನ್ನೊಂದಕ್ಕೆ ಹಾರಿತು. ಹೆಣ್ಣು ಕೂತಿದ್ದ ಎಲೆಯ ಪಕ್ಕದಲ್ಲೇ ಹಾದುಹೋಯಿತು. ಅದರ ರೆಕ್ಕೆಯ ಗಾಳಿಗೆ ಹೆಣ್ಣಿನ ಕುಡಿಮೀಸೆ ಅಲುಗಿತು. ಗಂಡು ನಿಲ್ಲಲಿಲ್ಲ.

ರೈತನಿಗೆ ತಡೆಯಲಾಗಲಿಲ್ಲ. "ಇಲ್ಲೇ ಅವ್ಳೆ ಕಣೋ" ಎಂದು ಪಿಸುಗುಟ್ಟಿದ. ತನ್ನ ತೋಟ ಹಾಳುಮಾಡಿದ ಕುಲಕ್ಕೇ ದಾರಿ ತೋರಿಸುತ್ತಿದ್ದೇನೆ ಎಂಬುದು ಅವನಿಗೆ ಮರೆತೇಹೋಗಿತ್ತು.

ಬೆಳಗಾದ ಮೇಲೆ ಸಂಶೋಧಕ ಹೆಣ್ಣನ್ನು ಬಿಚ್ಚಿ ತಂದು, ಕೊಯ್ದು, ಭೂತಗನ್ನಡಿಯಲ್ಲಿ ನೋಡಿದ. ಗಂಡು ಅದನ್ನು ಕೂಡಿರಲಿಲ್ಲ. ಕೂಡದಿದ್ದರೆ ಮರಿಹುಳು ಹುಟ್ಟುವುದಿಲ್ಲ; ಪ್ರಯೋಗ ಗೆದ್ದಿತ್ತು. ಆ ವರ್ಷ ತೋಟದಲ್ಲಿ ಹುಳುಕಿಲ್ಲದ ಹಣ್ಣು ಬಂತು. ರೈತ ಮೊದಲ ಹಣ್ಣನ್ನು ಕಚ್ಚಿದ, ಆದರೆ ಅವನ ಮನಸ್ಸು ಆ ಸಂಜೆಯಲ್ಲೇ ಇತ್ತು.

"ಆ ಗಂಡಿಗೆ ಮೂಗೇ ಇರ್ಲಿಲ್ವಾ ಸ್ವಾಮಿ?" ಎಂದು ಕೇಳಿದ.

"ಇತ್ತು. ಗಂಧ ಒಂದು ಕಡೆಯಿಂದ ಬಂದ್ರೆ ಎಷ್ಟು ದೂರ ಇದ್ರೂ ಹುಡುಕ್ಕೊಂಡು ಬರುತ್ತೆ. ತೋಟದ ತುಂಬಾ ಅದೇ ಗಂಧ ಆದ್ರೆ, ಪಕ್ಕದಲ್ಲಿರೋದೂ ಸಿಗಲ್ಲ."

ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗ ದಾಕ್ಷಾಯಿಣಿಯ ಮುಖ ಈಗ ಹೇಗಿದೆ ಎಂದು ನೆನಪಿಸಿಕೊಳ್ಳಲು ಹೋದ. ಎಲೆಯ ಅಂಚು ಹಿಡಿದಿದ್ದ ಅವಳ ಕೈ ಮಾತ್ರ ನೆನಪಾಯಿತು. ಅವಳನ್ನು ನೋಡಬೇಕೆನಿಸಿತು. ಇಷ್ಟು ಅಮಾವಾಸ್ಯೆಗಳಲ್ಲಿ ಎಷ್ಟು ಸಲ ಹಾಗೆನಿಸಿ ತಡೆದುಕೊಂಡಿದ್ದನೋ, ಅದೆಲ್ಲ ಒಟ್ಟಿಗೇ ಬಂದು ಎದೆಯಲ್ಲಿ ನಿಂತಿತು. ಆದರೂ ಅವನು ಕೇಳಿದ್ದು ಪತಂಗದ ಮಾತನ್ನೇ.

"ಹಂಗಾದ್ರೆ ಆ ಗಂಡು ಏನ್ ಮಾಡ್ಬೇಕಿತ್ತು ಬುದ್ಧಿ?"

ಗುರುಗಳು ಹೆಬ್ಬಾಗಿಲ ಕಡೆ ನೋಡಿದರು.

"ಸಂಜೆ ಬಸ್ಸು ಇನ್ನೂ ಬಂದಿಲ್ಲ, ಶಂಭು."